ವಿಮಾನದಲ್ಲಿ ಸೀಟಿನ ತಕರಾರು: ಕೇಳುವುದು ಹೇಗೆ, ಆಗಲ್ಲ ಅನ್ನುವುದು ಹೇಗೆ?

ಕೆಲವು ವರ್ಷದ ಹಿಂದಿನ ಮಾತು. ಬೆಂಗಳೂರಿನಿಂದ ದೆಹಲಿಗೆ ಬೆಳಗಿನ ವಿಮಾನ. ನನ್ನದು 7ಎ, ಕಿಟಕಿ ಸೀಟು. ದುಡ್ಡು ಕೊಟ್ಟು ಆರಿಸಿಕೊಂಡಿದ್ದೆ. ಹೋಗಿ ನೋಡಿದರೆ ಅಲ್ಲಿ ಆರೇಳು ವರ್ಷದ ಹುಡುಗ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ. ಅಮ್ಮನ ದುಪಟ್ಟಾದ ತುದಿಯನ್ನು ಎರಡೂ ಕೈಗೆ ಸುತ್ತಿಕೊಂಡಿದ್ದ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಅವನದು 24ಇ" ಅಂದರು ಆಕೆ. 24ಇ ಅಂದರೆ ತೀರಾ ಹಿಂದೆ, ಇಬ್ಬರ ನಡುವಿನ ಸೀಟು. ನನ್ನ ಬೆನ್ನಿಗೆ ಯಾರದೋ ಬ್ಯಾಗು ಒತ್ತುತ್ತಿತ್ತು. ಸಾಲು ಬಾಗಿಲವರೆಗೆ ನಿಂತಿತ್ತು. ಮಾತಾಡದೆ ಹಿಂದಕ್ಕೆ ಹೋದೆ. ದೆಹಲಿ ಬರುವವರೆಗೂ ಮೊಣಕೈ ಮಡಚಿಕೊಂಡು, ಸಿಟ್ಟಿನಲ್ಲೇ ಕೂತಿದ್ದೆ.

ಇಳಿದು ಲಗೇಜಿಗೆ ಕಾಯುವಾಗ ಆಕೆಯೇ ಬಂದು ಮಾತಾಡಿಸಿದರು. ಮೊದಲ ಸಲ ವಿಮಾನ ಹತ್ತಿದ್ದಂತೆ. ಒಟ್ಟಿಗೆ ಟಿಕೆಟ್ ಮಾಡಿದರೆ ಒಟ್ಟಿಗೇ ಸೀಟು ಬರುತ್ತದೆ ಅಂದುಕೊಂಡಿದ್ದರಂತೆ. ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಯಾರನ್ನು ಕೇಳಬೇಕು ಅಂತಲೂ ತಿಳಿಯಲಿಲ್ಲವಂತೆ. ನನ್ನ ಸಿಟ್ಟು ಅಲ್ಲೇ ಇಳಿಯಿತು.

"ಅಡ್ಜಸ್ಟ್ ಮಾಡಿ" ಅನ್ನುವುದು ನನಗೆ ಇಷ್ಟದ ಮಾತು. ಬಸ್ಸಿನಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೆಯವರಿಗೂ ಜಾಗ ಮಾಡಿಕೊಡುವ ಮಾತದು. ಎಲ್ಲರೂ ಒಂದೊಂದು ಗೇಣು ಸರಿದರೆ ಆಯಿತು. ವಿಮಾನದಲ್ಲಿ ಹಾಗೆ ಸರಿಯಲು ಬರುವುದಿಲ್ಲ. ಒಬ್ಬರು ಎದ್ದರೆ ಮಾತ್ರ ಇನ್ನೊಬ್ಬರು ಕೂರಬಹುದು. ಅದಕ್ಕೇ ಇಲ್ಲಿ ಕೇಳುವ ಕ್ರಮ ಬೇರೆ, ಕೊಡುವ ಕ್ರಮವೂ ಬೇರೆ.

ಟಿಕೆಟ್ ಮಾಡುವಾಗ

ಜಗಳ ತಪ್ಪಿಸುವ ಕೆಲಸ ಇಲ್ಲಿಂದಲೇ ಶುರು. ಕುಟುಂಬದವರೆಲ್ಲರ ಟಿಕೆಟ್ಟನ್ನೂ ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ನಂಬರಿನಲ್ಲಿ ಮಾಡಿ. ಆಫರ್ ಸಿಗುತ್ತದೆ ಅಂತ ಇಬ್ಬರದು ಒಂದು ಆ್ಯಪಿನಲ್ಲಿ, ಇನ್ನಿಬ್ಬರದು ಮತ್ತೊಂದರಲ್ಲಿ ಮಾಡಿದರೆ, ವಿಮಾನ ಕಂಪನಿಯ ಲೆಕ್ಕದಲ್ಲಿ ನೀವು ಒಂದೇ ಮನೆಯವರು ಅನ್ನುವುದೇ ಇರುವುದಿಲ್ಲ.

ಮಕ್ಕಳಿದ್ದರಂತೂ ಇದು ಬಹಳ ಮುಖ್ಯ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿರುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕು ಎಂದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, 2024ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿದೆ. ಇದನ್ನು ನೆನಪಿಡಿ. ಮಗುವಿಗೆ ಬೇರೆ ಕಡೆ ಸೀಟು ಬಂದಿದ್ದರೆ ಪಕ್ಕದ ಪ್ರಯಾಣಿಕರನ್ನು ಬೇಡಿಕೊಳ್ಳಬೇಕಾಗಿಲ್ಲ. ಚೆಕ್-ಇನ್ ಕೌಂಟರಿನಲ್ಲೇ ಧೈರ್ಯವಾಗಿ ಕೇಳಿ. ಅಲ್ಲಿ ಆಗದಿದ್ದರೆ ಬೋರ್ಡಿಂಗ್ ಗೇಟಿನಲ್ಲಿ ಇನ್ನೊಮ್ಮೆ ಕೇಳಿ. ಆ ತಾಯಿ ಇವತ್ತು ಹೊರಟಿದ್ದರೆ ಈ ನಿಯಮ ಅವರ ಕೈಯಲ್ಲಿರುತ್ತಿತ್ತು.

ಸೀಟು ಆರಿಸಲು ದುಡ್ಡು ಕೊಡುವುದು ಬೇಡ ಅನ್ನಿಸಿದರೆ ವೆಬ್ ಚೆಕ್-ಇನ್ ತೆರೆದ ಕೂಡಲೇ ಮಾಡಿ. ನಮ್ಮ ದೇಶದೊಳಗಿನ ಹಲವು ವಿಮಾನಗಳಿಗೆ ಅದು 48 ಗಂಟೆ ಮೊದಲು ತೆರೆಯುತ್ತದೆ. ತಡ ಮಾಡಿದಷ್ಟೂ ನಡುವಿನ ಸೀಟುಗಳೇ ಜಾಸ್ತಿ ಉಳಿದಿರುತ್ತವೆ. ವಯಸ್ಸಾದವರು ಹೊರಟಿದ್ದರೆ ನನ್ನ ಸಲಹೆ ಒಂದೇ: ಸುಮ್ನೆ ದುಡ್ಡು ಕೊಟ್ಟು ಅಂಚಿನ ಸೀಟು, ಅಂದರೆ ಓಡಾಡುವ ದಾರಿಯ ಪಕ್ಕದ್ದು, ತೆಗೆದುಕೊಳ್ಳಿ. ಬಾತ್‌ರೂಮಿಗೆ ಎದ್ದಾಗಲೆಲ್ಲ ಇಬ್ಬರನ್ನು ಎಬ್ಬಿಸಬೇಕಲ್ಲ ಅಂತ ಎಷ್ಟೋ ಅಜ್ಜಿಯರು ನೀರೇ ಕುಡಿಯದೆ ಕೂತಿರುತ್ತಾರೆ.

ಸೀಟು ನಂಬರ್ ಓದುವಾಗ

ಎಷ್ಟೋ ಜಗಳ ಬರೀ ಅಕ್ಷರ ತಪ್ಪು ಓದಿದ್ದರಿಂದ ಆಗುತ್ತದೆ. ಏರ್‌ಬಸ್ ಎ320 ಮತ್ತು ಬೋಯಿಂಗ್ 737ರಲ್ಲಿ ದಾರಿಯ ಆಚೆ ಈಚೆ ಮೂರು ಮೂರು ಸೀಟು. ಎ ಮತ್ತು ಎಫ್ ಕಿಟಕಿ, ಸಿ ಮತ್ತು ಡಿ ಅಂಚು, ಬಿ ಮತ್ತು ಇ ನಡುವಿನವು. ಮೈಸೂರಿನಂಥ ಊರುಗಳಿಗೆ ಬರುವ ಸಣ್ಣ ಎಟಿಆರ್ ವಿಮಾನದಲ್ಲಿ ಆಚೆ ಈಚೆ ಎರಡೆರಡೇ. ಕೆಲವು ಎಟಿಆರ್‌ಗಳಲ್ಲಿ ಎ, ಸಿ, ಡಿ, ಎಫ್ ಎಂದಿರುತ್ತದೆ, ಬಿ ಇರುವುದೇ ಇಲ್ಲ. ಅದಕ್ಕೆ ಹತ್ತುವುದೂ ಹಿಂಬಾಗಿಲಿನಿಂದ. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಕಾಣುವುದು ಕೊನೆಯ ಸಾಲು. ಅಮೆರಿಕಕ್ಕೋ ಯುರೋಪಿಗೋ ಹೋಗುವ ಬೋಯಿಂಗ್ 777ರಲ್ಲಿ ಒಂದು ಸಾಲಿಗೆ ಹತ್ತು ಸೀಟು ಇರುವುದು ಸಾಮಾನ್ಯ. ಅಲ್ಲಿ ಎಚ್ ಆದ ಮೇಲೆ ಜೆ ಬರುತ್ತದೆ. ಐ ಅಕ್ಷರ ಒಂದರ ಹಾಗೆ ಕಾಣುತ್ತದೆ ಅಂತ ಅದನ್ನು ಬಿಟ್ಟಿರುತ್ತಾರೆ.

ಇನ್ನೊಂದು ಮಾತು. 737ರಲ್ಲಿ ಕೆಲವು "ಕಿಟಕಿ ಸೀಟಿಗೆ" ಕಿಟಕಿಯೇ ಇರುವುದಿಲ್ಲ. ಎಸಿ ಗಾಳಿಯ ಕೊಳವೆ ಗೋಡೆಯೊಳಗೆ ಹಾದುಹೋಗುವ ಜಾಗ ಅದು, ಹತ್ತು ಹನ್ನೊಂದನೇ ಸಾಲಿನ ಆಸುಪಾಸು. ಇಂಥ ಸೀಟಿಗೆ ದುಡ್ಡು ತೆಗೆದುಕೊಂಡರು ಅಂತ 2025ರಲ್ಲಿ ಅಮೆರಿಕದಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳ ಮೇಲೆ ಪ್ರಯಾಣಿಕರು ಕೋರ್ಟಿಗೆ ಹೋದರು. ಆರಿಸುವ ಮೊದಲು ಸೀಟಿನ ನಕ್ಷೆ ಒಮ್ಮೆ ನೋಡಿ.

ನಿಮ್ಮ ಸೀಟಲ್ಲಿ ಬೇರೆಯವರು ಕೂತಿದ್ದರೆ

ಮೊದಲು ನಿಮ್ಮ ಪಾಸನ್ನೇ ಇನ್ನೊಮ್ಮೆ ನೋಡಿಕೊಳ್ಳಿ. ಸಾಲಿನ ನಂಬರ್, ಅಕ್ಷರ ಎರಡೂ. ಆಮೇಲೆ ದಾರಿ ಬಿಟ್ಟು ಖಾಲಿ ಸಾಲಿನೊಳಗೆ ಒಂದು ಹೆಜ್ಜೆ ಸರಿದು ನಿಲ್ಲಿ. ಹಿಂದಿನವರು ದಾಟಿ ಹೋಗಲಿ. ಅವತ್ತು ನಾನು ಇಷ್ಟು ಮಾಡಿದ್ದರೆ ಅವಸರ ಅರ್ಧ ಕಡಿಮೆಯಾಗುತ್ತಿತ್ತು. ಬೆನ್ನ ಹಿಂದೆ ನೂರು ಜನ ಕಾಯುತ್ತಿದ್ದರೆ ಯಾರಿಗೂ ನೆಟ್ಟಗೆ ಮಾತು ಹೊರಡುವುದಿಲ್ಲ.

"ಇದು ನನ್ನ ಸೀಟು, ಏಳಿ" ಅನ್ನುವ ಬದಲು, "ಸರ್, ನನ್ನ ಪಾಸಿನಲ್ಲಿ 7ಎ ಅಂತಿದೆ, ನಿಮ್ಮದು ಒಂದ್ಸಲ ನೋಡ್ತೀರಾ?" ಅನ್ನಿ. ತಪ್ಪು ಓದಿ ಕೂತವರು ತಾವಾಗಿಯೇ ಏಳುತ್ತಾರೆ, ಅವರಿಗೆ ಮುಜುಗರವೂ ಆಗುವುದಿಲ್ಲ. ಇಬ್ಬರ ಪಾಸಿನಲ್ಲೂ ಅದೇ ನಂಬರ್ ಇರುವುದೂ ಉಂಟು. ಆಗ ದಿನಾಂಕ, ವಿಮಾನದ ನಂಬರ್ ಹೋಲಿಸಿ.

ಗೊತ್ತಿದ್ದೂ ಏಳುವುದಿಲ್ಲ ಅಂದರೆ ಎರಡನೇ ಮಾತು ಬೇಡ. ಸಿಬ್ಬಂದಿಯನ್ನು ಕರೆಯಿರಿ. ಅವರ ಹತ್ತಿರ ಪಟ್ಟಿ ಇರುತ್ತದೆ, ತೀರ್ಮಾನ ಅವರದು. ಮೊಬೈಲ್ ತೆಗೆದು ವಿಡಿಯೊ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದು ನಿಮಿಷದಲ್ಲಿ ಮುಗಿಯುವ ತಪ್ಪಿಗೆ ಒಬ್ಬರ ಮುಖ ವರ್ಷಗಟ್ಟಲೆ ಮೊಬೈಲಿನಿಂದ ಮೊಬೈಲಿಗೆ ಓಡಾಡುವುದು ನ್ಯಾಯವಲ್ಲ.

ಸೀಟು ಬದಲಿಸಿಕೊಳ್ಳಬೇಕಿದ್ದರೆ

ಮೊದಲ ನಿಯಮ: ಕೂತು ಕೇಳಬೇಡಿ, ಕೇಳಿ ಕೂತುಕೊಳ್ಳಿ. ಬ್ಯಾಗಿಟ್ಟು, ಬೆಲ್ಟ್ ಹಾಕಿಕೊಂಡು ಆಮೇಲೆ "ಪ್ಲೀಸ್" ಅಂದರೆ ಅದು ಕೇಳಿದ ಹಾಗಲ್ಲ.

ಎರಡನೆಯದು: ನಿಮ್ಮ ಕೈಯಲ್ಲಿರುವುದು ಅವರದ್ದಕ್ಕೆ ಸಮ ಇರಬೇಕು, ಇಲ್ಲವೇ ಅದಕ್ಕಿಂತ ಒಳ್ಳೆಯದಿರಬೇಕು. ಅಂಚಿಗೆ ಅಂಚು, ಕಿಟಕಿಗೆ ಕಿಟಕಿ. ನಡುವಿನ ಸೀಟು ಕೊಟ್ಟು ಕಿಟಕಿ ಕೇಳಬಾರದು. ಒಂದು ಉಪಾಯ ಹೇಳುತ್ತೇನೆ. ಗಂಡನದು 9ಬಿ, ಹೆಂಡತಿಯದು 15ಸಿ ಅಂತಿಟ್ಟುಕೊಳ್ಳಿ. 9ಸಿಯಲ್ಲಿರುವವರಿಗೆ 15ಸಿ ಕೊಟ್ಟರೆ ಅಂಚಿಗೆ ಅಂಚೇ ಸಿಕ್ಕಿತು, ಅವರು ಒಪ್ಪುವುದು ಸುಲಭ. 15ಬಿಯವರನ್ನು ಕೇಳಿ 9ಬಿ ಕೊಟ್ಟರೂ ಆಗುತ್ತದೆ. ನಡುವಿನವರಿಗೆ ಮುಂದಿನ ಸಾಲು ಸಿಕ್ಕರೆ ಬೇಗ ಇಳಿಯಬಹುದು. ಆದರೆ 9ಎ ಕಿಟಕಿಯವರನ್ನು 15ಸಿಗೆ ಕಳಿಸಲು ಹೊರಟರೆ ಬೇಡ ಅನ್ನಿಸಿಕೊಳ್ಳುವುದೇ ಜಾಸ್ತಿ.

ಕಾರಣ ಒಂದೇ ವಾಕ್ಯದಲ್ಲಿ ಹೇಳಿ. "ಅಂಕಲ್, ನಮ್ಮ ತಾಯಿಗೆ ಮೊದಲ ಸಲ, ಒಬ್ಬರೇ ಕೂರೋಕೆ ಭಯ. ನನ್ನದೂ ಅಂಚಿನ ಸೀಟೇ, ನಾಲ್ಕು ಸಾಲು ಮುಂದಿದೆ. ಬದಲಾಯಿಸಿಕೊಳ್ಳಬಹುದಾ?" ಒಮ್ಮೆ ಕೇಳಿ ಸಾಕು. ಸುತ್ತ ಇದ್ದವರನ್ನೂ ಸೇರಿಸಿಕೊಂಡು ಒತ್ತಾಯ ಮಾಡಬಾರದು.

ಮೂರನೆಯದು: ಸಿಬ್ಬಂದಿಗೆ ಹೇಳದೆ ಬದಲಿಸಬೇಡಿ. ಮೊದಲೇ ಬುಕ್ ಮಾಡಿದ ಊಟ ಸೀಟ್ ನಂಬರ್ ನೋಡಿಕೊಂಡು ಬರುತ್ತದೆ. ಸಣ್ಣ ವಿಮಾನದಲ್ಲಿ ತೂಕದ ಹಂಚಿಕೆ ನೋಡಿ ಕೂರಿಸಿರುತ್ತಾರೆ, ಟೇಕಾಫ್ ಮೊದಲು ಹಿಂದಿನವರು ಮುಂದೆ ಬಂದರೆ ಲೆಕ್ಕ ತಪ್ಪುತ್ತದೆ. ತುರ್ತು ಬಾಗಿಲಿನ ಸಾಲಿನಲ್ಲಿ ಮಕ್ಕಳು, ಗರ್ಭಿಣಿಯರು, ಬೇರೆಯವರ ಸಹಾಯ ಬೇಕಾದವರು ಕೂರುವಂತಿಲ್ಲ. ಮಡಿಲ ಕೂಸಿನ ವಿಷಯದಲ್ಲೂ ಹೀಗೆಯೇ. ಮೂರು ಸೀಟಿನ ಮೇಲೆ ಸಾಮಾನ್ಯವಾಗಿ ನಾಲ್ಕು ಆಕ್ಸಿಜನ್ ಮಾಸ್ಕ್ ಇರುತ್ತವೆ. ಅಂದರೆ ಆ ಮೂರು ಸೀಟಿಗೆ ಒಂದೇ ಕೂಸು. ಅಕ್ಕ ತಂಗಿಯರಿಬ್ಬರೂ ಒಂದೊಂದು ಕೂಸು ಎತ್ತಿಕೊಂಡು ಅಕ್ಕಪಕ್ಕ ಕೂರುತ್ತೇವೆ ಅಂದಾಗ ಸಿಬ್ಬಂದಿ ಒಪ್ಪದಿರುವುದು ಇದಕ್ಕೇ. ದಾರಿಯ ಆಚೆ ಈಚೆ ಕೂತರೆ ಆ ತೊಂದರೆ ಇಲ್ಲ.

ನಿಮ್ಮನ್ನು ಕೇಳಿದರೆ

ಕೊಡಲು ಮನಸ್ಸಿದ್ದರೆ ನಗುತ್ತಾ ಕೊಡಿ. ಇಲ್ಲದಿದ್ದರೆ "ಕ್ಷಮಿಸಿ, ನಾನು ಬೇಕಂತಲೇ ಈ ಸೀಟು ತಗೊಂಡಿದ್ದು, ಬದಲಿಸೋಕೆ ಆಗಲ್ಲ. ಸಿಬ್ಬಂದಿನ ಕೇಳೋಣ್ವಾ?" ಅನ್ನಿ. ಕಾರಣ ಹೇಳಲೇಬೇಕೆಂದಿಲ್ಲ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಸಂಕಟ, ಮತ್ತೊಬ್ಬರಿಗೆ ಬರೀ ಮೋಡ ನೋಡುವ ಆಸೆ. ಮೂರೂ ಸರಿಯೇ. ನಮ್ಮಲ್ಲಿ ಬೇಡ ಅಂದವರನ್ನು ಕಲ್ಲು ಮನಸ್ಸಿನವರು ಅಂದುಬಿಡುತ್ತಾರೆ, ಅದರಲ್ಲೂ ಒಂಟಿಯಾಗಿ ಹೊರಟ ಹೆಣ್ಣುಮಕ್ಕಳ ಮೇಲೆ ಈ ಒತ್ತಡ ಜಾಸ್ತಿ. ಬಾಯಿಮುಚ್ಚಿಕೊಂಡು ಕೊಟ್ಟು ಮೂರು ಗಂಟೆ ಕುದಿಯುವುದಕ್ಕಿಂತ, ಮೆಲ್ಲಗೆ ಆಗಲ್ಲ ಅನ್ನುವುದು ಇಬ್ಬರಿಗೂ ಒಳ್ಳೆಯದು ಅಲ್ವಾ?

ಹಾರುತ್ತಿರುವಾಗ

ಸೀಟು ಹಿಂದಕ್ಕೆ ಬಾಗಿಸುವ ಮೊದಲು ಒಮ್ಮೆ ತಿರುಗಿ ನೋಡಿ. ಹಿಂದಿನವರ ಟ್ರೇ ಮೇಲೆ ಬಿಸಿ ಚಹಾ ಇರಬಹುದು. ನಿಧಾನವಾಗಿ ಬಾಗಿಸಿ, ಊಟ ಬಂದಾಗ ನೆಟ್ಟಗೆ ಮಾಡಿ. 2014ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯೂವಾರ್ಕ್‌ನಿಂದ ಡೆನ್ವರ್‌ಗೆ ಹೊರಟ ವಿಮಾನದಲ್ಲಿ ಒಬ್ಬರು ಮುಂದಿನ ಸೀಟು ಬಾಗದಂತೆ ಟ್ರೇಗೆ ಪ್ಲಾಸ್ಟಿಕ್ ತಡೆ ಸಿಕ್ಕಿಸಿದರು. ಜಗಳ ಹತ್ತಿ, ವಿಮಾನ ಶಿಕಾಗೋದಲ್ಲಿ ಇಳಿಯಬೇಕಾಯಿತು. ಇಬ್ಬರನ್ನೂ ಅಲ್ಲೇ ಇಳಿಸಿದರು.

ನಡುವಿನ ಸೀಟಿನವರಿಗೆ ಎರಡೂ ಕಡೆಯ ಕೈದಾಂಡು, ಅಂದರೆ ಕೈ ಇಡುವ ಆರ್ಮ್‌ರೆಸ್ಟ್, ಬಿಟ್ಟುಕೊಡಿ. ಅವರಿಗೆ ಕಿಟಕಿಯೂ ಇಲ್ಲ, ದಾರಿಯೂ ಇಲ್ಲ. ಇದು ಬರೆದ ನಿಯಮವಲ್ಲ, ನಾನು ಮಾತ್ರ ತಪ್ಪದೆ ಪಾಲಿಸುತ್ತೇನೆ. ಅಂಚಿನಲ್ಲಿ ಕೂತವರು, ಒಳಗಿನವರು ಹೊರಗೆ ಬರುವಾಗ ಪೂರ್ತಿ ಎದ್ದು ನಿಲ್ಲಿ, ಬರೀ ಮೊಣಕಾಲು ಓರೆ ಮಾಡಿದರೆ ಸಾಲದು. ಮಂಡಿ ಬಗ್ಗದ ಹಿರಿಯರಿಗೆ ಒಂದು ಅನುಕೂಲವಿದೆ. ಅಂಚಿನ ಕೈದಾಂಡಿನ ಕೆಳಗೆ, ಹಿಂಬದಿಯ ಕೀಲಿನ ಹತ್ತಿರ, ಹಲವು ಸೀಟುಗಳಲ್ಲಿ ಬೆರಳಿಗೆ ಸಿಗುವ ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ದಾಂಡು ಮೇಲೇಳುತ್ತದೆ, ಪಕ್ಕಕ್ಕೆ ತಿರುಗಿ ಸಲೀಸಾಗಿ ಏಳಬಹುದು. ಗೊತ್ತಾಗದಿದ್ದರೆ ಸಿಬ್ಬಂದಿ ತೋರಿಸುತ್ತಾರೆ.

ಮಾತು ಮೀರಿದರೆ, ಹಕ್ಕು ತಪ್ಪಿದರೆ

2017ರಲ್ಲಿ ಡಿಜಿಸಿಎ ತಂದ ನಿಯಮದಲ್ಲಿ ಪ್ರಯಾಣಿಕರ ಕೆಟ್ಟ ನಡವಳಿಕೆಗೆ ಮೂರು ಹಂತ. ಬೈಗುಳ, ಬೆದರಿಸುವ ಸನ್ನೆಗೆ 3 ತಿಂಗಳವರೆಗೆ ವಿಮಾನ ಹತ್ತುವಂತಿಲ್ಲ. ತಳ್ಳುವುದು, ಹೊಡೆಯುವುದು ಆದರೆ 6 ತಿಂಗಳವರೆಗೆ. ಜೀವಕ್ಕೆ ಅಪಾಯ ತಂದರೆ 2 ವರ್ಷ ಅಥವಾ ಇನ್ನೂ ಹೆಚ್ಚು. ಇದರ ಮೇಲೆ ಪೊಲೀಸ್ ಕೇಸ್ ಬೇರೆ.

ತಪ್ಪು ಕಂಪನಿಯದ್ದಾದರೆ ದಾರಿ ಬೇರೆ. ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದವರನ್ನು ಒಪ್ಪಿಗೆ ಇಲ್ಲದೆ ಕೆಳಗಿನ ಕ್ಲಾಸಿನಲ್ಲಿ ಕೂರಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆ ಸೇರಿ ಟಿಕೆಟ್ ದುಡ್ಡಿನ ಶೇ 75 ವಾಪಸ್ ಕೊಡಬೇಕು. ಇದು 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ದುಡ್ಡು ಕೊಟ್ಟು ಆರಿಸಿದ ಸೀಟು ಕೊಡದೆ ಬೇರೆಯದು ಕೊಟ್ಟಿದ್ದರೆ, ಸೀಟಿನ ದುಡ್ಡು ಕೊಟ್ಟ ರಸೀದಿ, ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸಿನ ಫೋಟೊ ಇಟ್ಟುಕೊಳ್ಳಿ. ಮೊದಲು ಕಂಪನಿಗೆ ಬರೆಯಿರಿ, ಉತ್ತರ ಬರದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ಆ್ಯಪಿನಲ್ಲಿ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.