ಕೆಂಪು ತಿಗಣೆಯನ್ನು ಗುರುತಿಸುವುದು ಹೇಗೆ?

ಮುಂಬೈಯ ಬಾಲ್ಕನಿಗಳಲ್ಲಿ ಬೆಂಡೆ, ದಾಸವಾಳ ಬೆಳೆಸುವ ನಮ್ಮವರು ಬಲಿತ ಕಾಯಿಯ ಮೇಲೆ ಕೆಂಪು ಕೀಟಗಳ ಗುಂಪು ಕಂಡೊಡನೆ ಔಷಧಿಯ ಬಾಟಲಿಗೆ ಕೈಹಾಕುತ್ತಾರೆ. ಕೆಂಪಾಗಿರುವುದೆಲ್ಲ ಗಿಡದ ವೈರಿಯಲ್ಲವಾದ್ದರಿಂದ ಮೊದಲು ಅವುಗಳ ಗುರುತು ಹಿಡಿಯಬೇಕು. ಇಲ್ಲಿ ಹೇಳಹೊರಟಿರುವುದು ಪಿರೋಕೊರಿಡೆ ಕುಟುಂಬದ ಹತ್ತಿ ತಿಗಣೆಯ ವಿಷಯ.

ಹುಡುಕಾಟವನ್ನು ದಾಸವಾಳದ ಬಳಗದ ಗಿಡಮರಗಳಿಂದ ಆರಂಭಿಸಿ. ಬೆಂಡೆ, ಹತ್ತಿ, ಹೂವರಸಿ, ಬೂರುಗ ಇವೆಲ್ಲ ಅದೇ ಬಳಗದವು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಬೇಸಿಗೆಯಲ್ಲಿ ಬೂರುಗದ ಕಾಯಿಗಳು ಒಡೆದು ಅರಳೆ ಉದುರುವಾಗ ಮರದ ಬುಡವನ್ನು ನೋಡಿ. ಅಲ್ಲಿ ಏನನ್ನೂ ಹಿಡಿದು ತರಬೇಡಿ, ನೋಡುವುದಷ್ಟೇ ಸಾಕು.

ಕೀಟ ಸಿಕ್ಕ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ತಲೆಯಿಂದ ಹಿಂದಕ್ಕೆ ಗಮನಿಸುತ್ತ ಬನ್ನಿ. ತಲೆಯ ಹಿಂದೆ ಬಿಳಿಯ ಕೊರಳಪಟ್ಟಿ, ಕೆಂಪು ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ, ರೆಕ್ಕೆಯ ತುದಿಯಲ್ಲಿ ಕಪ್ಪು ಪೊರೆ, ಹೊಟ್ಟೆಯಡಿ ಬಿಳಿ ಅಡ್ಡಪಟ್ಟೆಗಳು ಇದ್ದರೆ ಅದೇ ಹತ್ತಿ ತಿಗಣೆ, ವೈಜ್ಞಾನಿಕ ಹೆಸರು ಡಿಸ್‌ಡರ್ಕಸ್ ಸಿಂಗ್ಯುಲೇಟಸ್. ಎಕ್ಕದ ಗಿಡದ ಕೆಂಪು-ಕಪ್ಪು ತಿಗಣೆಯೂ ದೂರದಿಂದ ಹೀಗೆಯೇ ಕಾಣುತ್ತದೆ. ಆದರೆ ಅದರ ನೆತ್ತಿಯ ಮೇಲೆ ಎರಡು ಪುಟ್ಟ ಸರಳ ಕಣ್ಣುಗಳಿರುತ್ತವೆ, ಪಿರೋಕೊರಿಡೆಯಲ್ಲಿ ಅವು ಇರುವುದಿಲ್ಲ. ಬಣ್ಣಕ್ಕಿಂತ ಈ ಗುರುತನ್ನೇ ನಾನು ಹೆಚ್ಚು ನಂಬುತ್ತೇನೆ.

ಆಮೇಲೆ ಅದು ಉಣ್ಣುವ ಬಗೆಯನ್ನು ತಾಳ್ಮೆಯಿಂದ ನೋಡಿ. ಎದೆಯಡಿ ಮಡಚಿಟ್ಟ ಸೂಜಿಯಂಥ ಸೊಂಡಿಲನ್ನು ಬಿಡಿಸಿ ಬೀಜಕ್ಕೆ ಚುಚ್ಚಿ, ಜೊಲ್ಲು ಬಿಟ್ಟು, ಕರಗಿದ ತಿರುಳನ್ನು ಹೀರುತ್ತದೆ. ಅದರ ಹಿಕ್ಕೆಯಿಂದಲೂ ಚುಚ್ಚಿದೆಡೆ ಸೇರುವ ಶಿಲೀಂಧ್ರದಿಂದಲೂ ಹತ್ತಿಯ ನೂಲಿಗೆ ಕಲೆ ಬೀಳುತ್ತದೆ. ಹಿಂಬದಿ ಕೂಡಿಸಿಕೊಂಡು ವಿರುದ್ಧ ದಿಕ್ಕಿಗೆ ಮುಖ ಮಾಡಿ ಬಹುಕಾಲ ಉಳಿಯುವ ಜೋಡಿಗಳೂ ಕಾಣಿಸುತ್ತವೆ. ಮೊಟ್ಟೆಗಳನ್ನು ತೇವದ ಮಣ್ಣಿನಲ್ಲಿ ಗುಂಪಾಗಿ ಇಡುತ್ತವೆ. ಮರಿಗಳು ರೆಕ್ಕೆಯಿಲ್ಲದೆ ಹುಟ್ಟಿ, ಐದು ಬಾರಿ ಪೊರೆ ಬಿಟ್ಟು, ಗೂಡುಹುಳದ ಹಂತವಿಲ್ಲದೆ ನೇರವಾಗಿ ಬೆಳೆಯುತ್ತವೆ.

ಈ ಬೆಳವಣಿಗೆಯನ್ನು ನೋಡಬಯಸುವವರು ಬಾಲ್ಕನಿಯ ಮರಿಗಳನ್ನು ಬೆಂಡೆಬೀಜ ಮತ್ತು ಒದ್ದೆ ಹತ್ತಿಯೊಂದಿಗೆ ಜಾಡಿಯಲ್ಲಿಟ್ಟು ಬಟ್ಟೆ ಕಟ್ಟಬಹುದು. ಜಾಡಿಗೆ ಹಾಸುವ ಕಾಗದವೂ ಮುಖ್ಯವಾದೀತೆಂಬುದು 1960ರ ದಶಕದಲ್ಲಿ ತಿಳಿಯಿತು. ಕೀಟವಿಜ್ಞಾನಿ ಕರೆಲ್ ಸ್ಲಾಮಾ ಪ್ರಾಗ್‌ನಿಂದ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಒಯ್ದ ಇದೇ ಕುಟುಂಬದ ತಿಗಣೆಗಳು ಅಲ್ಲಿ ಪ್ರೌಢವಾಗದೆ ಮರಿಗಳಾಗಿಯೇ ಉಳಿದು ಮತ್ತೆ ಪೊರೆ ಬಿಟ್ಟವು. ಹಾಸಿದ್ದ ಅಮೆರಿಕದ ಕಾಗದದಲ್ಲಿ ಬಾಲ್ಸಮ್ ಫರ್ ಮರದಿಂದ ಬಂದ, ಎಳೆತನ ಕಾಯುವ ಹಾರ್ಮೋನಿನಂತೆ ವರ್ತಿಸುವ ವಸ್ತುವೊಂದಿತ್ತು.

ಇನ್ನು ಗಿಡದ ರಕ್ಷಣೆ. ಬಲಿತು ಒಡೆದ ಕಾಯಿಗಳನ್ನು ಕೊಯ್ದುಬಿಡಿ, ಉದುರಿದ ಬೀಜಗಳನ್ನು ಆರಿಸಿ, ಮೇಲ್ಮಣ್ಣನ್ನು ಕೆದಕಿ ಬಿಸಿಲಿಗೊಡ್ಡಿ, ಗುಂಪನ್ನು ಸಾಬೂನಿನ ನೀರಿಗೆ ಕೊಡವಿ. ಕೊಡವುವ ಮುನ್ನ ಕೊರಳಪಟ್ಟಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ಬಿಳಿ ಪಟ್ಟಿಯಿಲ್ಲದ, ಮೈಕಟ್ಟಿನಲ್ಲಿ ತುಸು ದಪ್ಪನೆಯ ಕೆಂಪು ತಿಗಣೆಯೊಂದು ಗುಂಪಿನಲ್ಲಿದ್ದು, ಮತ್ತೊಂದು ತಿಗಣೆಗೆ ಸೊಂಡಿಲು ಚುಚ್ಚಿ ಹಿಡಿದಿದ್ದರೆ, ಅದು ಇದೇ ಕುಟುಂಬದ ಬೇಟೆಗಾರ ಆಂಟಿಲೋಕಸ್ ಇರಬಹುದು. ಅದನ್ನು ಗಿಡದ ಮೇಲೆಯೇ ಬಿಡಿ.