ಸ್ತ್ರೀರೋಗ ಓಪಿಡಿಯಲ್ಲಿ ಒಳಪರೀಕ್ಷೆ: ನೋವು, ಮುಜುಗರ ತಗ್ಗಿಸುವ ಬಗೆ

ಮಾತು ಮೊದಲು, ಮಂಚ ಆಮೇಲೆ. ಮುಟ್ಟಿನ ಲೆಕ್ಕ, ಬಿಳಿ ಮುಟ್ಟು, ಸಂಭೋಗದ ನೋವು ಎಲ್ಲವನ್ನೂ ರೋಗಿ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತಿರುವಾಗಲೇ ಕೇಳಿ ಮುಗಿಸಿ. ಜತೆಗೆ ಬಂದವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಅವರೆದುರು ಹಳೆಯ ಗರ್ಭಪಾತದ ವಿಷಯ, ಹೊಡೆತದ ವಿಷಯ ಬಾಯಿಗೆ ಬರುವುದಿಲ್ಲ.

ಪರೀಕ್ಷೆ ಏಕೆ ಎಂದು ಹೇಳಿ ಒಪ್ಪಿಗೆ ಕೇಳಿ. ಬೇಡವೆಂದರೆ ಬರೆದಿಟ್ಟುಕೊಂಡು ಇನ್ನೊಂದು ದಿನ ನೋಡಿ. ಮೊದಲು ಮೂತ್ರಕ್ಕೆ ಹೋಗಿ ಬರಲಿ: ಮೂತ್ರಕೋಶ ತುಂಬಿದ್ದರೆ ಒತ್ತಿದಾಗ ನೋವು, ಗರ್ಭಕೋಶವೂ ಕೈಗೆ ಸರಿಯಾಗಿ ಸಿಗದು. ಬಟ್ಟೆ ಬದಲಿಸುವಾಗ ಪರದೆಯಾಚೆ ಇರಿ, ಹೊದಿಕೆಯನ್ನು ಆಕೆಯ ಕೈಗೇ ಕೊಡಿ. ನರ್ಸ್ ತಲೆಯ ಪಕ್ಕ ನಿಲ್ಲಲಿ. ಮಂಚದ ಕಾಲಿನ ಕಡೆ ಬಾಗಿಲಿಗೆ ಎದುರಾಗಿದ್ದರೆ ಇವತ್ತೇ ತಿರುಗಿಸಿ.

ಹೆರಿಗೆಯಾಗದವರಿಗೆ, ಮುಟ್ಟು ನಿಂತವರಿಗೆ ಸಾಮಾನ್ಯವಾಗಿ ಚಿಕ್ಕ ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ, ಎರಡು ಅಲಗುಗಳ ಸಾಧನ) ಸಾಕು. ಲೋಹದ್ದಾದರೆ ಬೆಚ್ಚನೆ ನೀರಿನಲ್ಲಿ ಹಿಡಿದು, ಆಕೆಯ ತೊಡೆಗೆ ತಾಗಿಸಿ ಹದ ಕೇಳಿ. ನೀರಿನಂಶದ ಜೆಲ್ಲನ್ನು ಹೊರಬದಿಗೆ ತೆಳುವಾಗಿ ಸವರಿ. ತುದಿಗೆ ಮೆತ್ತಿದರೆ ಪ್ಯಾಪ್ ಸ್ಯಾಂಪಲ್ (ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ತೆಗೆಯುವ ಜೀವಕೋಶಗಳು) ಕೆಡಬಹುದು. ಮೂತ್ರನಾಳವಿರುವ ಮೇಲ್ಭಾಗ ಸೂಕ್ಷ್ಮ, ಹಾಗಾಗಿ ಒತ್ತಡ ಕೆಳಮುಖವಾಗಿ, ಬೆನ್ನಿನ ಕಡೆಗಿರಲಿ. ತಾವೇ ಸೇರಿಸಿಕೊಳ್ಳುತ್ತೇನೆ ಎನ್ನುವವರಿಗೆ ಕೊಡಿ, ಹಲವರಿಗೆ ಅದೇ ಸಲೀಸು.

"ಕೈ ಎತ್ತಿದರೆ ನಿಲ್ಲಿಸುತ್ತೇನೆ" ಎಂದು ಮೊದಲೇ ಹೇಳಿ. ಎತ್ತಿದಾಗ ನಿಲ್ಲಿಸಿ. "ಇನ್ನೊಂದು ಸೆಕೆಂಡ್" ಎಂದು ಮುಂದುವರಿಸಿದರೆ ಸ್ನಾಯು ಬಿಗಿದುಕೊಂಡು ನೋವು ಹೆಚ್ಚುತ್ತದೆ, ಮುಂದಿನ ಸಲ ಆಕೆ ಬರದೆಯೂ ಇರಬಹುದು. "ಸಡಿಲ ಬಿಡಮ್ಮಾ" ಎಂದು ಗದರಿದರೆ ಯಾರೂ ಸಡಿಲ ಆಗುವುದಿಲ್ಲ. "ಉಸಿರು ನಿಧಾನಕ್ಕೆ ಬಿಡಿ, ಸೊಂಟ ಮಂಚಕ್ಕೆ ಊರಿ" ಎನ್ನಿ. ಸ್ಪೆಕ್ಯುಲಮ್ ಹೊರತೆಗೆಯುವಾಗ ಗರ್ಭಕಂಠ ದಾಟುವವರೆಗೆ ಅಲಗುಗಳನ್ನು ತುಸು ತೆರೆದಿಡಿ. ಅಲ್ಲೇ ಮುಚ್ಚಿದರೆ ಗರ್ಭಕಂಠವೋ ಗೋಡೆಯ ಚರ್ಮವೋ ಸಿಕ್ಕಿಕೊಳ್ಳುತ್ತದೆ. ಚೀರಾಟ ಬರುವುದು ಹೆಚ್ಚಾಗಿ ಈ ಹಂತದಲ್ಲಿ.

ಕಂಡದ್ದೇನೆಂದು ಆಕೆ ಎದ್ದು ಬಟ್ಟೆ ತೊಟ್ಟ ಮೇಲೆ ಹೇಳಿ. ಮಲಗಿರುವಾಗ ಹೇಳಿದ್ದು ಅರ್ಧ ಕಿವಿಗೆ ಬೀಳುವುದಿಲ್ಲ.

ಎಳೆ ಗರ್ಭದ ಸ್ಕ್ಯಾನಿನಲ್ಲಿ ಬಡಿತ ಕಾಣದಿದ್ದರೆ ಸುಮ್ಮನೆ ಪರದೆ ದಿಟ್ಟಿಸುತ್ತ ಕೂರಬೇಡಿ. "ಬಡಿತ ಕಾಣುತ್ತಿಲ್ಲ, ಇನ್ನೊಮ್ಮೆ ಅಳೆಯುತ್ತೇನೆ" ಎಂದು ಹೇಳಿ. ಯೋನಿಯ ಮೂಲಕ ಮಾಡಿದ ಸ್ಕ್ಯಾನಿನಲ್ಲಿ ಭ್ರೂಣದ ಉದ್ದ 7 ಮಿ.ಮೀ.ಗಿಂತ ಕಡಿಮೆಯಿದ್ದರೆ ಗರ್ಭದ ಬೆಳವಣಿಗೆ ನಿಂತುಹೋಗಿದೆ ಎಂಬ ತೀರ್ಮಾನ ಬೇಡ, ಕನಿಷ್ಠ 7 ದಿನ ಬಿಟ್ಟು ಮತ್ತೆ ನೋಡಿ. 7 ಮಿ.ಮೀ. ಅಥವಾ ಹೆಚ್ಚಿದ್ದರೂ ಇನ್ನೊಬ್ಬರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಆ ಸುದ್ದಿ ಕೇಳಿದವರನ್ನು ಮತ್ತೆ ತುಂಬು ಗರ್ಭಿಣಿಯರ ಸಾಲಿನಲ್ಲಿ ಕೂರಿಸಬೇಡಿ. ಬೇರೆ ಕೋಣೆ, ಸಾಧ್ಯವಾದರೆ ಬೇರೆ ಬಾಗಿಲು ಇರಲಿ.