ಬಟನ್ ಫೋನ್ ಬಿಟ್ಟು ಟಚ್ ಫೋನ್ ಹಿಡಿಯೋರಿಗೆ

ತೀರ್ಥಹಳ್ಳಿ ಕಡೆ ಎಷ್ಟೋ ಮನೇಲಿ ಇನ್ನೂ ಬಟನ್ ಫೋನೇ. ಅಪ್ಪಯ್ಯಂಗೆ ಹೋದ ಮಳೆಗಾಲದಲ್ಲಿ ಟಚ್ ಫೋನ್ ಕೊಡ್ಸಿ, ಕಲಿಸೋಕೆ ಹೋಗಿ ನಾನೇ ಕಲ್ತಿದ್ದು ಇಲ್ಲಿ ಹೇಳ್ತಿದೀನಿ.

ಮೊದ್ಲು ನಂಬರ್‌ಗಳು. ಹಳೇ ಫೋನಲ್ಲಿ ಇರೋದನ್ನೆಲ್ಲ ಸಿಮ್‌ಗೆ ಕಾಪಿ ಮಾಡ್ಕೊಳಿ, ಸಾಮಾನ್ಯವಾಗಿ 250 ಹಿಡಿಯುತ್ತೆ. ಆದ್ರೆ ಈಗಿನ ಫೋನಿಗೆ ನ್ಯಾನೋ ಸಿಮ್ ಬೇಕು, ನಿಮ್ದು ದೊಡ್ಡ ಸಿಮ್ ಆಗಿದ್ದು ಅಂಗಡೀಲಿ ಬದಲಾಯಿಸಿದ್ರೆ ಹಳೇದ್ರಲ್ಲಿದ್ದ ನಂಬರ್ ಹೊಸದಕ್ಕೆ ಬರಲ್ಲ, ಹಂಗಾಗಿ ಬ್ಲೂಟೂತಲ್ಲಿ ಕಳ್ಸಿ, ಅದೂ ಆಗ್ದಿದ್ರೆ ಡೈರೀಲಿ ಬರ್ಕೊಂಡುಬಿಡಿ.

ಇನ್ನು ಬೆರಳು. ಅಪ್ಪಯ್ಯ ಕಾಲಿಂಗ್ ಬೆಲ್ ಒತ್ತಿದಂಗೆ ಉಗುರಲ್ಲಿ ಒತ್ತೋರು, ಫೋನ್ ಜಪ್ಪಯ್ಯ ಅನ್ತಿರ್ಲಿಲ್ಲ! ಈ ಸ್ಕ್ರೀನ್ ಭಾರ ನೋಡಲ್ಲ, ಚರ್ಮ ತಾಗಿದಾಗ ಸ್ಕ್ರೀನಲ್ಲಿರೋ ಸಣ್ಣ ವಿದ್ಯುತ್ತು ಬದಲಾಗೋದನ್ನ ನೋಡುತ್ತೆ, ಬೆರಳ ತುದಿ ಸುಮ್ನೆ ತಾಗ್ಸಿ ಎತ್ತಿ ಸಾಕು. ಹೆಚ್ಚು ಹೊತ್ತು ಹಿಡ್ಕೊಂಡ್ರೆ ಬೇರೆ ಮೆನು ಬರುತ್ತೆ, ಹೆದರಬೇಡಿ. ಮಳೇಲಿ ನೆಂದ ಕೈ, ಅಡಿಕೆ ಸುಲಿದು ಚೊಗರು ಮೆತ್ತಿದ ಕೈ ಎರಡಕ್ಕೂ ಅದು ಸರಿಯಾಗಿ ಕೇಳಲ್ಲ, ಪಂಚೆಗೆ ಒರೆಸ್ಕೊಂಡು ಮುಟ್ಟಿ.

ಟೈಪಿಂಗ್ ಕಷ್ಟ ಅನ್ನೋರು ಜಿಬೋರ್ಡ್ (ಗೂಗಲ್‌ನ ಕೀಬೋರ್ಡ್ ಆ್ಯಪ್) ಸೆಟ್ಟಿಂಗ್ಸಲ್ಲಿ ಕನ್ನಡ ಸೇರಿಸ್ಕೊಂಡು ಮೈಕ್ ಒತ್ತಿ ಮಾತಾಡಿ. ನಮ್ಮ ಹವ್ಯಕ ಮಾತಿಗೆ ಸ್ವಲ್ಪ ತಡಬಡಾಯಿಸುತ್ತೆ, ಆದ್ರೂ ಪರವಾಗಿಲ್ಲ.

ಚಾರ್ಜ್ ಮಾತ್ರ ದಿನಾ ಹಾಕ್ಬೇಕು. ಮಳೆಗಾಲದಲ್ಲಿ ಕರೆಂಟ್ ಮೂರು ದಿನ ಹೋದ್ರೆ? ಅದಕ್ಕೇ ಹಳೇ ಫೋನ್ ಎಸೀಬೇಡಿ, ಟಾರ್ಚಿಗಾದ್ರೂ ಆಗುತ್ತೆ.